ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್: ಅಮ್ಮನಿಗೆ ಯಾವ ಕ್ಲಾಸ್?

ಅಮ್ಮನ ಜೊತೆ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲಿನಲ್ಲಿ ಹೋಗಲು ಫಸ್ಟ್ ಕ್ಲಾಸೇ ಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. 9ನೇ ನಂಬರಿನ ರೈಲಿನ ಸೆಕೆಂಡ್ ಕ್ಲಾಸ್ ಎಸಿ ಸ್ಲೀಪರ್ ಧಾರಾಳ ಸಾಕು. ನಮ್ಮ ಸೈಡ್ ಲೋವರ್, ಸೈಡ್ ಅಪ್ಪರ್ ಇರುತ್ತವಲ್ಲ, ಅಲ್ಲಿ ನಡುದಾರಿಯ ಎರಡೂ ಕಡೆ ಅದೇ ಥರ. ಮಿಡಲ್ ಬರ್ತ್ ಕಾಟ ಇಲ್ಲ. ರಾತ್ರಿ ಸಿಬ್ಬಂದಿಯೇ ಬಂದು ಹಾಸಿಗೆ ಹಾಸಿಕೊಡುತ್ತಾರೆ. ಪರದೆ ಎಳೆದುಕೊಂಡರೆ ಆಯ್ತು.

ಅಮ್ಮನಿಗೆ ಕೆಳಗಿನ ಬರ್ತೇ ತಗೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಅಗಲವಾಗಿದೆ, ಕಿಟಕಿಯೂ ಸಿಗುತ್ತದೆ. ಮೇಲೆ ಮಲಗಿದವರಿಗೆ ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಅದು ನಿಮಗಿರಲಿ! ಎಸಿ ಮಾತ್ರ ವಿಪರೀತ. ಶಾಲು, ಸಾಕ್ಸ್ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಫಸ್ಟ್ ಕ್ಲಾಸ್ ಅಂದರೆ ಇಬ್ಬರಿಗೊಂದು ಕೋಣೆ, ಒಳಗಿಂದ ಚಿಲಕ. ಅಪರಿಚಿತರ ನಡುವೆ ಅಮ್ಮನಿಗೆ ನಿದ್ದೆಯೇ ಬರಲ್ಲ ಅಂದರೆ ಅದನ್ನು ನೋಡಿ.

ಟಿಕೆಟ್ ಥಾಯ್ ರೈಲ್ವೆಯ ಡಿ-ಟಿಕೆಟ್ ಸೈಟಿನಲ್ಲೇ ಮಾಡಿ, ಸುಮ್ನೆ ಏಜೆಂಟ್‌ಗೆ ಕಮಿಷನ್ ಯಾಕೆ? ಏಪ್ರಿಲ್ ಮಧ್ಯದ ಸೋಂಗ್‌ಕ್ರಾನ್ ಹಬ್ಬದ ವಾರವಾದರೆ ತಡ ಮಾಡಬೇಡಿ. ಇನ್ನೊಂದು, ಹಳೇ ಬ್ಲಾಗ್ ನೋಡಿ ಹುವಾ ಲಂಪೋಂಗ್ ಸ್ಟೇಷನ್‌ಗೆ ಹೋಗಿಬಿಟ್ಟೀರಿ. 2023ರ ಜನವರಿಯಿಂದ ಈ ರೈಲು ಹೊರಡುವುದು ಕ್ರುಂಗ್ ತೇಪ್ ಅಪಿವತ್ ಸ್ಟೇಷನ್ನಿನಿಂದ.