ಕಿವಿಗೊಟ್ಟು ಕೇಳಿ: ಹಾಡುವವರು ಯಾವಾಗ ಬರ್ತಾರೆ?

ಹೋದ ತಿಂಗಳು ಈ ಪುಟದಲ್ಲಿ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ ‘ಹೆಡ್ ಹಂಟರ್ಸ್’ ಆಲ್ಬಂ ಕೇಳಿ ನೋಡಿ ಅಂತ ಬರೆದಿದ್ದೆ. 1973ರಲ್ಲಿ ಬಂದದ್ದು, ಅಮೆರಿಕದ್ದು, ಜಾಝ್‌ಗೆ ಫಂಕ್ ಕುಣಿತದ ಲಯ ಬೆರೆಸಿದ ವಾದ್ಯಸಂಗೀತ, ಇರೋದು ನಾಲ್ಕೇ ತುಣುಕು. ಕೇಳಿದವರು ಪತ್ರ ಬರೆದಿದ್ದಾರೆ. ಅರ್ಧ ಹೊಗಳಿಕೆ, ಅರ್ಧ ಬೈಗುಳ. ಮಂಡಿಪೇಟೆಯಲ್ಲಿ ಮೈಕ್‌ಸೆಟ್ ರಿಪೇರಿ ಮಾಡಿಕೊಂಡಿರುವವನಿಗೆ ಬೈಗುಳ ಹೊಸದೇನಲ್ಲ, ಹಾಗಾಗಿ ಅವುಗಳನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಮೊದಲನೆಯ ‘ಕಮೀಲಿಯನ್’ ಮೊಬೈಲ್‌ನಲ್ಲಿ ಹಾಕಿದೆ. ಹದಿನೈದು ನಿಮಿಷ ಅದೇ ಅದೇ. ಹಾಡುವವರು ಈಗ ಬರ್ತಾರೆ, ಆಗ ಬರ್ತಾರೆ ಅಂತ ಕಾದಿದ್ದೇ ಬಂತು. ಇದರಲ್ಲಿ ಮೆಚ್ಚುವಂಥದ್ದು ಏನಿದೆ?
(ಪದವಿ ವಿದ್ಯಾರ್ಥಿ, ಕೆ.ಟಿ.ಜೆ. ನಗರ, ದಾವಣಗೆರೆ)

ಉತ್ತರ: ತಮ್ಮಾ, ಹಾಡುವವರು ಬರೋದಿಲ್ಲ. ಸಿನಿಮಾ ಹಾಡು ಕೇಳಿ ಬೆಳೆದ ನಮ್ಮ ಕಿವಿಗೆ ವಾದ್ಯ ಅಂದರೆ ಪಲ್ಲವಿ ಚರಣಗಳ ನಡುವೆ ಸಂದಿ ತುಂಬುವ ಸಾಮಾನು. ಇಲ್ಲಿ ಇರೋದೇ ಅದು. ಬರದವರಿಗೆ ಕಾಯೋದು ಬಿಟ್ಟರೆ ಬಂದವರು ಕೇಳಿಸ್ತಾರೆ.

ಇನ್ನು ಮೊಬೈಲು. ಅಷ್ಟು ಸಣ್ಣ ಸ್ಪೀಕರ್‌ನಿಂದ 100 ಹರ್ಟ್ಸ್‌ಗಿಂತ ಕೆಳಗಿನ ದನಿ ಹೊರಡೋದೇ ಇಲ್ಲ ಅನ್ನಿ. ಕಮೀಲಿಯನ್ ನಿಂತಿರೋದೇ ಆ ತಳದ ದನಿ ಮೇಲೆ, ಬೇಸ್ ಅನ್ನೋದು ಅದಕ್ಕೇ. ತಳ ಹೋದರೆ ಉಳಿಯೋದು ಬರೀ ಚಟಪಟ. ಸುಟ್ಟುಹೋದ ದೊಡ್ಡ ಸ್ಪೀಕರ್‌ಗೆ ಹೊಸ ಕೋನ್ (ಮುಂದಿನ ಕಾಗದದ ತಟ್ಟೆ), ಕಾಯಿಲ್ (ಅದನ್ನು ಆಡಿಸುವ ತಂತಿಸುರುಳಿ) ಹಾಕಿದ ಮೇಲೆ ನನ್ನ ಅಂಗಡಿಯಲ್ಲಿ ಟೆಸ್ಟಿಂಗ್‌ಗೆ ಹಾಕೋದು ಇದನ್ನೇ. ಜಾಲರಿ ಬಿಚ್ಚಿಟ್ಟಿರುತ್ತೆ. ಶುರುವಿನಲ್ಲಿ ಬೇಸ್ ಒಂದೇ. ಒಂದಕ್ಕೊಂದು ಅಂಟಿಕೊಂಡ ಮೂರು ಸ್ವರ ಮೇಲೆ ಹತ್ತಿ ಒಂದರ ಮೇಲೆ ಕೂರುತ್ತೆ, ಸ್ವಲ್ಪ ತಡೆದು ಮತ್ತೆ ಮೂರು ಹತ್ತಿ ಇನ್ನೊಂದರ ಮೇಲೆ ಕೂರುತ್ತೆ. ಕೋನ್ ಹಿಂದೆ ಮುಂದೆ ಆಡೋದು ಕಣ್ಣಿಗೆ ಕಾಣುತ್ತೆ. ವಾಯ್ಸ್ ಕಾಯಿಲ್ ಎಲ್ಲಾದರೂ ಉಜ್ಜುತ್ತಿದ್ದರೆ ಅಲ್ಲೇ ಗೊರಗೊರ ಅಂತ ಸಿಕ್ಕಿಬೀಳುತ್ತೆ, ಮುಚ್ಚಿಹಾಕೋಕೆ ಬೇರೆ ವಾದ್ಯ ಇನ್ನೂ ಬಂದಿರೋದಿಲ್ಲ ನೋಡಿ.

ಆ ಬೇಸ್ ಗಿಟಾರ್‌ನದಲ್ಲ. ಹ್ಯಾನ್‌ಕಾಕ್ ತಾವೇ ಆರ್ಪ್ ಒಡಿಸ್ಸಿ ಅನ್ನುವ, ಕರೆಂಟಿನಿಂದಲೇ ದನಿ ಹುಟ್ಟಿಸುವ ಸಿಂಥಸೈಜರ್‌ನಲ್ಲಿ ನುಡಿಸಿದ್ದು. ಹಾಗಾದರೆ ಬೇಸ್ ಗಿಟಾರ್ ಹಿಡಿದ ಪಾಲ್ ಜಾಕ್ಸನ್‌ಗೆ ಏನು ಕೆಲಸ? ಅವರು ಮೇಲಿನ ಸ್ಥಾಯಿಗೆ ಹೋಗಿ, ಮಾಮೂಲಿ ಗಿಟಾರ್ ಥರ ಚುಟುಕು ಚುಟುಕಾಗಿ ಮೀಟ್ತಾರೆ. ಇಡೀ ಆಲ್ಬಂನಲ್ಲಿ ಗಿಟಾರ್ ನುಡಿಸುವವರು ಒಬ್ಬರೂ ಇಲ್ಲ. ನೀವು ಗಿಟಾರ್ ಅಂದುಕೊಂಡ ಇನ್ನೊಂದು ಸದ್ದು ಕ್ಲಾವಿನೆಟ್‌ನದು. ಅದು ಕೀಲಿ ಒತ್ತಿದರೆ ಒಳಗಿನ ತಂತಿಗೆ ಪೆಟ್ಟು ಬೀಳುವ ಎಲೆಕ್ಟ್ರಿಕ್ ವಾದ್ಯ, ಅದೂ ಹ್ಯಾನ್‌ಕಾಕ್ ಕೈಯಲ್ಲೇ. ಯಾರ ಕೆಲಸ ಯಾರು ಮಾಡ್ತಿದ್ದಾರೆ ಅಂತ ಪತ್ತೆ ಹಚ್ಚೋದರಲ್ಲೇ ನನಗೆ ಅರ್ಧ ಮಜಾ.

‘ಅದೇ ಅದೇ’ ಅಂದಿರಲ್ಲ, ಒಂದು ಸಲ ಹಾರ್ವಿ ಮೇಸನ್ ಅವರ ಡ್ರಮ್ ಒಂದನ್ನೇ ಹಿಡಿದುಕೊಂಡು ಕೇಳಿ. ದೊಡ್ಡ ಪೆಟ್ಟುಗಳ ನಡುವೆ ಸಣ್ಣ ಸಣ್ಣ ಪೆಟ್ಟು ಬೀಳ್ತಾ ಇರುತ್ತೆ, ಸವರಿದ ಹಾಗೆ. ಸುಮಾರು ಅರ್ಧ ದಾರಿಗೆ ಬಂದಾಗ ಆ ಬೇಸೇ ಮಾಯ. ಲಯ ಬೇರೆ, ಹಿಂದೆ ಪಿಟೀಲುಗಳಂಥ ಸಿಂಥ್ ದನಿ, ಮುಂದೆ ಫೆಂಡರ್ ರೋಡ್ಸ್ ಅನ್ನುವ ಎಲೆಕ್ಟ್ರಿಕ್ ಪಿಯಾನೊ. ಸಾಕಷ್ಟು ಹೊತ್ತು ಹಾಗೇ ಸಾಗಿ, ಕೊನೆಗೆ ಹಳೇ ಬೇಸ್ ವಾಪಸ್ ಬರುತ್ತೆ, ಬೆನ್ನಿ ಮೌಪಿನ್ ಸ್ಯಾಕ್ಸೊಫೋನ್ ಹಿಡಿದು ಅದರ ಮೇಲೆ ಹತ್ತುತ್ತಾರೆ. ಮೊದಲು ಬೇಜಾರು ತರಿಸಿದ ಆ ಬೇಸ್ ಆಗ ಬೇಕು ಅನಿಸದಿದ್ದರೆ ಪತ್ರ ಬರೆಯಿರಿ, ಒಪ್ಪಿಕೊಳ್ತೇನೆ. ಆದರೆ ಹೆಡ್‌ಫೋನ್‌ನಲ್ಲಾದರೂ ಕೇಳಿ ಬರೆಯಿರಿ.

ಪ್ರಶ್ನೆ: ಎರಡನೆಯ ‘ವಾಟರ್‌ಮೆಲನ್ ಮ್ಯಾನ್’ ಶುರುವಿನಲ್ಲಿ ಹೂ, ಹೂ ಅಂತ ಬರುವುದು ಕೊಳಲೋ, ಮನುಷ್ಯರ ದನಿಯೋ? ಮಕ್ಕಳಿಗೆ ಕೇಳಿಸಿದೆ, ತರಗತಿಯಲ್ಲಿ ದೊಡ್ಡ ವಾದವೇ ಆಯಿತು.
(ಶಿಕ್ಷಕಿ, ಹೊಳಲ್ಕೆರೆ)

ಉತ್ತರ: ಮೇಡಂ, ಎರಡೂ ಪಕ್ಷ ಗೆದ್ದಿತು ಅಂತ ಮಕ್ಕಳಿಗೆ ಹೇಳಿ. ತಾಳವಾದ್ಯದ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದಿ, ನಡುನಡುವೆ ಬಾಯಲ್ಲೇ ಕೂಗಿದ್ದು. ಊದು, ಕೂಗು, ಊದು, ಕೂಗು. (ಮಕ್ಕಳಿಗೆ ಬರೀ ಬಾಟಲಿ ಅಂದರೆ ಸಾಕು. ಸೋಡಾ ಬಾಟಲಿಯಲ್ಲೂ ಬರುತ್ತೆ.)

ಆದರೆ ಆ ಕಲೆ ಅವರದಲ್ಲ. ಮಧ್ಯ ಆಫ್ರಿಕಾದ ಕಾಡಿನ ಬಾ-ಬೆಂಜೆಲೆ ಜನ ಒಂದೇ ಸ್ವರ ಹೊರಡುವ ಪೀಪಿ ಊದುತ್ತಾ, ಉಳಿದ ಸ್ವರಗಳನ್ನು ಗಂಟಲಲ್ಲಿ ಹಾಡುತ್ತಾ ಒಬ್ಬರೇ ಒಂದು ಧಾಟಿ ಕಟ್ಟುತ್ತಾರೆ. ಅದಕ್ಕೆ ಹಿಂಡೆವ್ಹೂ ಅಂತ ಹೆಸರು. ಸಿಮ್ಹಾ ಆರೊಮ್ ಅನ್ನುವ ಸಂಗೀತ ಸಂಶೋಧಕರು ಅಲ್ಲಿಗೆ ಹೋಗಿ ಮುದ್ರಿಸಿಕೊಂಡ ಸಂಗೀತ 1966ರಲ್ಲಿ ಎಲ್‌ಪಿಯಾಗಿ ಬಂತು, ಈ ಬಾಟಲಿ ದನಿಗೆ ಮೂಲ ಅದೇ. ‘ಹೆಡ್ ಹಂಟರ್ಸ್’ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಕಾಡಿನವರಿಗೆ ಸಿಕ್ಕಿದ್ದೇನು ಅಂತ ಸ್ಟೀವನ್ ಫೆಲ್ಡ್ ಅನ್ನುವ ವಿದ್ವಾಂಸರು 1996ರ ಒಂದು ಲೇಖನದಲ್ಲಿ ಕೆದಕಿದ್ದಾರೆ. ಕೆದಕಬೇಕಾದ್ದೇ. ನಮ್ಮ ಜೋಗತಿಯರ ಚೌಡಿಕೆ ದನಿಯನ್ನು ಯಾರಾದರೂ ಎತ್ತಿಕೊಂಡು ಹೋಗಿ ಹೆಸರು ಹೇಳದೆ ದುಡ್ಡು ಮಾಡಿದರೆ ನಾವು ಸುಮ್ಮನಿರ್ತೀವಾ? ನನಗೆ ಆ ಶುರು ಬಹಳ ಇಷ್ಟ, ಆದರೆ ಈ ಲೆಕ್ಕ ಗೊತ್ತಾದ ಮೇಲೆ ಮೊದಲಿನಷ್ಟು ಹಗುರಾಗಿ ಕೇಳೋಕೆ ಆಗಲ್ಲ.

ಧಾಟಿ ಮಾತ್ರ ಹ್ಯಾನ್‌ಕಾಕ್ ಅವರ ಸ್ವಂತದ್ದೇ, 1962ರ ಅವರ ಮೊದಲ ಆಲ್ಬಂನಲ್ಲಿ ಬಂದಿತ್ತು. ಅವರು ಹುಟ್ಟಿ ಬೆಳೆದ ಷಿಕಾಗೋದ ಓಣಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿ ಕಲ್ಲುಹಾಸಿನ ಮೇಲೆ ಹೋಗುವ ಸದ್ದು, ಮನೆಯಿಂದ ಹೆಂಗಸರು ಅವನನ್ನು ಕರೆಯುವ ಕೂಗು, ಇವೆರಡರಿಂದ ಕಟ್ಟಿದ್ದಂತೆ. 1973ರ ಹೊತ್ತಿಗೆ ಅದನ್ನು ನಿಧಾನ ಮಾಡಿ, ಹೊಸದಾಗಿ ಜೋಡಿಸಿದ್ದು ಡ್ರಮ್‌ನ ಹಾರ್ವಿ ಮೇಸನ್. ಎರಡನ್ನೂ ಒಂದರ ಹಿಂದೊಂದು ಮಕ್ಕಳಿಗೆ ಹಾಕಿ. ಗಾಡಿ ಯಾವುದರಲ್ಲಿ ಜಾಸ್ತಿ ಕೇಳುತ್ತೆ ಅಂತ ಅವರೇ ಹೇಳಲಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಕೇಳುವವನು. ಇದರಲ್ಲಿ ರಾಗ ಅನ್ನುವುದು ಉಂಟೋ ಇಲ್ಲವೋ? ಬೆಂಗಳೂರಿನ ನಮ್ಮ ಅಳಿಯ ಜಾಝ್ ಬಲ್ಲವರು, ಅವರಂತೂ ಇದು ಮಾರಾಟದ ಸರಕು ಎಂದು ಮೂಗು ಮುರಿದರು.
(ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ)

ಉತ್ತರ: ಸ್ವಾಮಿ, ಸ್ವರದ ಲೆಕ್ಕದಲ್ಲಿ ಕಮೀಲಿಯನ್ನಿನ ಮೊದಲ ಭಾಗ ನಿಮ್ಮ ಕಾಫಿ ಥಾಟ್‌ನ ಹತ್ತಿರದ್ದು, ಕರ್ನಾಟಕ ಸಂಗೀತದವರು ಖರಹರಪ್ರಿಯ ಅಂತಾರಲ್ಲ ಅದು. ಗಾಂಧಾರ, ನಿಷಾದ ಕೋಮಲ, ಉಳಿದವು ಶುದ್ಧ. ಆದರೆ ರಾಗ ಅಲ್ಲ. ಹೊರಗಿನ ಸ್ವರಗಳು ಧಾರಾಳವಾಗಿ ನುಗ್ಗುತ್ತವೆ, ರಾಗದ ಗುರುತು ಹಿಡಿಸುವ ಪಕಡ್ ಹುಡುಕಿದರೆ ಸಿಗೋದಿಲ್ಲ. ಕೆಳಗೆ ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಿರುಗ್ತಾ ಇರುತ್ತೆ, ಮೇಲೆ ಒಬ್ಬರು ಮನಸ್ಸಿಗೆ ಬಂದ ಹಾಗೆ ಬೆಳೆಸ್ತಾ ಹೋಗ್ತಾರೆ. ಒಬ್ಬರು ಲೆಹರಾ, ಅಂದರೆ ಒಂದೇ ಧಾಟಿ ತಿರುತಿರುಗಿ ನುಡಿಸ್ತಾ ಹಿಡಿದಿಟ್ಟಾಗ ತಬಲದವರು ಬಿಚ್ಚಿಕೊಳ್ತಾರಲ್ಲ, ಆ ಕಿವಿ ಇಟ್ಟುಕೊಂಡು ಕೇಳಿ.

ಅಳಿಯಂದಿರದು ಹಳೇ ತಕರಾರು. ಜಾಝ್‌ನ ದೊಡ್ಡ ಹೆಸರು ಮೈಲ್ಸ್ ಡೇವಿಸ್ ತಂಡದಲ್ಲಿ 1963ರಿಂದ ಪಿಯಾನೊ ನುಡಿಸಿದ ಮನುಷ್ಯ ಕುಣಿಯುವವರಿಗೆ ನುಡಿಸಿದ ಅಂತ ಆಗಲೇ ಜಾಝ್ ಮಡಿವಂತರು ಬೈದಿದ್ದರು. ಆಮೇಲೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ಆಲ್ಬಂ ಅನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದನ್ನು ಅಳಿಯಂದಿರಿಗೆ ಹೇಳಬೇಡಿ, ಹಬ್ಬಕ್ಕೆ ಬರೋದು ಬಿಟ್ಟಾರು. ನಾಲ್ಕನೆಯ ‘ವೇನ್ ಮೆಲ್ಟರ್’ ಹಾಕಿ ಸುಮ್ಮನೆ ಕೂತುಕೊಳ್ಳಿ. ನಿಧಾನದ್ದು, ಮೌಪಿನ್ ಅವರ ಬೇಸ್ ಕ್ಲಾರಿನೆಟ್ ತೆವಳಿಕೊಂಡು ಬರುತ್ತೆ. ಸರಕು ಮಾರುವವರು ಹೀಗೆ ನುಡಿಸೋದಿಲ್ಲ.

ಪ್ರಶ್ನೆ: ನಮ್ಮ ಸಮಾಳ, ನಂದಿಕೋಲು, ಉರುಮೆ ಬಿಟ್ಟು ಅಮೆರಿಕದ್ದು ಯಾಕೆ ಬೇಕು?
(ಓದುಗರು, ಹರಿಹರ)

ಉತ್ತರ: ಬಿಡಿ ಅಂದವರು ಯಾರು? ಸಮಾಳದವರು ಒಂದೇ ಗತ್ತನ್ನು ಬೀದಿ ಉದ್ದಕ್ಕೂ ಬಾರಿಸಿದರೆ ನೀವೇ ನಿಂತು ನೋಡ್ತೀರಿ, ಯಾರೂ ‘ಅದೇ ಅದೇ’ ಅನ್ನಲ್ಲ. ಅದನ್ನು ಕೇಳಿದ ಕಿವಿಗೇ ಇದು ಬೇಗ ಹತ್ತೋದು.

ಪ್ರಶ್ನೆ: ಮಗಳ ಆರತಕ್ಷತೆಗೆ ಈ ಸಂಗೀತ ಹಾಕಿಸಬಹುದೇ? ಅವಳಿಗೇ ಆಸೆ.
(ತಾಯಿ, ನಿಟ್ಟುವಳ್ಳಿ, ದಾವಣಗೆರೆ)

ಉತ್ತರ: ಧಾರಾಳವಾಗಿ ಹಾಕಿಸಿ ಅಮ್ಮಾ. ಊಟದ ಹೊತ್ತಿಗೆ ವಾಟರ್‌ಮೆಲನ್ ಮ್ಯಾನ್, ಜನ ಫೋಟೊಗೆ ಸಾಲುಗಟ್ಟಿದಾಗ ಕಮೀಲಿಯನ್. ಹದಿನೈದು ನಿಮಿಷ ಯಾರೂ ಹಾಡು ಬದಲಾಯಿಸೋ ಗೋಜಿಲ್ಲ. ಮೂರನೆಯ ‘ಸ್ಲೈ’ ಬೇಡ, ನಡುವೆ ವೇಗ ಏರಿ ಬಿಡುತ್ತೆ, ಕೈಯಲ್ಲಿ ಪಾಯಸದ ಲೋಟ ಹಿಡಿದವರು ಗಾಬರಿಯಾಗ್ತಾರೆ. ಸೌಂಡ್‌ನ ಹುಡುಗರಿಗೆ ಮಾತ್ರ ಮೊದಲೇ ಹೇಳಿಡಿ, ಬೇಸ್ ನಾಬ್ ಪೂರ್ತಿ ತಿರುಗಿಸಬೇಡಿ ಅಂತ. ಇದರಲ್ಲಿ ಬೇಕಾದಷ್ಟು ಅವರೇ ಹಾಕಿದ್ದಾರೆ. ತಿರುಗಿಸಿದರೆ ಮಾರನೇ ದಿನ ಆ ಸ್ಪೀಕರ್ ಬರೋದು ನನ್ನ ಅಂಗಡಿಗೇ.