ಮದುವೆ ಶೂಟಿಂಗ್‌ಗೆ ಡ್ರೋನ್ ಹಾರಿಸಲು ಲೈಸೆನ್ಸ್ ಬೇಕಾ?

ಬೇಕು. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. 2021ರ ಡ್ರೋನ್ ನಿಯಮಗಳ ಪ್ರಕಾರ 2 ಕೆಜಿವರೆಗಿನ ಡ್ರೋನನ್ನು ಸ್ವಂತ ಖುಷಿಗೆ ಹಾರಿಸಿದರೆ ಪೈಲಟ್ ಸರ್ಟಿಫಿಕೇಟ್ (ಲೈಸೆನ್ಸ್ ಅಂದರೆ ಇದೇ) ಬೇಡ. ಆದರೆ ಮದುವೆ ಶೂಟಿಂಗ್‌ಗೆ ದುಡ್ಡು ತಗೊಂಡರೆ ಅದು ವ್ಯಾಪಾರ, ಅಲ್ವಾ? ಆಗ 250 ಗ್ರಾಂ ದಾಟಿದ ಡ್ರೋನ್‌ಗೆ ಸರ್ಟಿಫಿಕೇಟ್ ಬೇಕೇಬೇಕು. ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ಮಾನ್ಯತೆ ಇರುವ ಶಾಲೆಯಲ್ಲಿ ತರಬೇತಿ ಪಡೆಯಬೇಕು. ಹತ್ತನೇ ಕ್ಲಾಸ್ ಪಾಸಾಗಿ, 18 ವರ್ಷ ತುಂಬಿದ್ದರೆ ಸೇರಬಹುದು.

ಡ್ರೋನನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿ ಅದರ ಗುರುತಿನ ಸಂಖ್ಯೆ ಪಡೆಯಿರಿ. ಥರ್ಡ್ ಪಾರ್ಟಿ ವಿಮೆಯನ್ನೂ ಮಾಡಿಸಿ.

ಹೊರಡುವ ಮುನ್ನ ಸರ್ಕಾರದ ಡ್ರೋನ್ ವೆಬ್‌ಸೈಟ್ ಆದ ಡಿಜಿಟಲ್ ಸ್ಕೈನ ಮ್ಯಾಪ್‌ನಲ್ಲಿ ಕಲ್ಯಾಣ ಮಂಟಪದ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಮೀ ಒಳಗಾದರೆ 200 ಅಡಿ ಮಾತ್ರ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದ ಅನುಮತಿ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಇನ್ನೊಂದು ಮಾತು. ಚಪ್ಪರದ ಕೆಳಗೆ ಮಕ್ಕಳು, ವಯಸ್ಸಾದವರು ಕೂತಿರುತ್ತಾರೆ. ಬ್ಯಾಟರಿ ಕೈಕೊಟ್ಟರೆ ಡ್ರೋನ್ ಕಲ್ಲಿನ ಹಾಗೆ ಬೀಳುತ್ತದೆ. ದಯವಿಟ್ಟು ಜನರ ತಲೆಯ ಮೇಲೆ ಹಾರಿಸಬೇಡಿ. ಪಕ್ಕದ ಬಯಲಿನಿಂದ ತೆಗೆದರೂ ಮಂಟಪ ಚೆನ್ನಾಗಿಯೇ ಕಾಣುತ್ತದೆ.