ಹಣ್ಣು, ಎಲೆ ತಿನ್ನೋ ಕೋತಿಗೂ ವಂಶದಿಂದ ಕೊಲೆಸ್ಟ್ರಾಲ್ ಬರುತ್ತದಾ?

ಬರುತ್ತದೆ. ಹಣ್ಣು, ಎಲೆ ತಿನ್ನೋ ಪ್ರಾಣಿಗೆ ಅದೆಲ್ಲಿಂದ ಬಂತು ಅಂತ ಕೇಳಿದ್ದೀರಿ. ಊಟದಲ್ಲಿ ಚೂರೂ ಇಲ್ಲದಿದ್ದರೂ ದೇಹ ತನಗೆ ಬೇಕಾದ ಕೊಲೆಸ್ಟ್ರಾಲ್ ತಾನೇ ಮಾಡಿಕೊಳ್ಳುತ್ತದೆ. ಅದನ್ನು ರಕ್ತದಿಂದ ತೆಗೆಯುವ ಕೆಲಸ ಕೆಟ್ಟಾಗ ತೊಂದರೆ ಶುರು.

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು. ಕ್ಲಾಸಿನಲ್ಲಿ ಇದಕ್ಕೆ ಒಂದು ರೀಸಸ್ ಕೋತಿ ಕುಟುಂಬದ ಕಥೆ ಹೇಳುತ್ತೇನೆ. (ನಮ್ಮ ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಿತ್ಕೊಂಡು ಓಡುವ ಮಂಗ ಬೇರೆ ಜಾತಿ, ರೀಸಸ್ ಉತ್ತರ ಭಾರತದ ಕಡೆಯದು.) ಶಿಕಾಗೊ ವಿಶ್ವವಿದ್ಯಾಲಯದ ಏಂಜೆಲೊ ಸ್ಕಾನು ಅವರ ತಂಡ ಈ ಕುಟುಂಬದ ಕೆಲವು ಕೋತಿಗಳಲ್ಲಿ ಕೊಲೆಸ್ಟ್ರಾಲ್ ತಾನಾಗೇ ಏರಿರುವುದನ್ನು ಕಂಡಿತು, ಬೇಕಂತಲೇ ಕೊಬ್ಬು ತಿನ್ನಿಸಿ ಏರಿಸಿದ್ದಲ್ಲ. 1990ರಲ್ಲಿ ಕಾರಣವೂ ಸಿಕ್ಕಿತು. ಎಲ್‌ಡಿಎಲ್ ರಿಸೆಪ್ಟರ್ ಅಂತ ಒಂದು ಪ್ರೋಟೀನ್ ಇದೆ, ಲಿವರ್ ಜೀವಕೋಶಗಳ ಮೇಲೆ ಕೂತು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಅದರ ಜೀನ್‌ನ ಡಿಎನ್‌ಎ ಬರಹದಲ್ಲಿ ಟಿಜಿಜಿ ಅನ್ನೋ ಮೂರಕ್ಷರ ಇರಬೇಕಾದ ಕಡೆ ಟಿಎಜಿ ಆಗಿತ್ತು. ಒಂದೇ ಅಕ್ಷರ! ಟಿಜಿಜಿ ಅಂದರೆ 'ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಮ್ಲ ಜೋಡಿಸು', ಟಿಎಜಿ ಅಂದರೆ 'ಇಲ್ಲಿಗೆ ನಿಲ್ಲಿಸು'. 800ಕ್ಕೂ ಜಾಸ್ತಿ ಅಮೈನೋ ಆಮ್ಲಗಳ ಸರಪಳಿಯಾದ ಪ್ರೋಟೀನಿಗೆ 283ರಲ್ಲೇ ತಡೆ ಬಿತ್ತು.

ಈ ಕೋತಿಗಳಲ್ಲಿ ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿತ್ತು, ಇನ್ನೊಂದು ಸರಿಯಿತ್ತು. ಆದರೆ ಅರ್ಧ ರಿಸೆಪ್ಟರ್ ಸಾಲುವುದಿಲ್ಲ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು, ಪ್ರತಿ ಮರಿಗೂ ಅರ್ಧಕ್ಕರ್ಧ ಸಾಧ್ಯತೆ. ಮನುಷ್ಯರಲ್ಲಿ ವಂಶದಿಂದ ಕೊಲೆಸ್ಟ್ರಾಲ್ ಏರುವ ಫೆಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ ಕಾಯಿಲೆಯಲ್ಲೂ ಜಾಸ್ತಿ ಸಲ ಕೆಟ್ಟಿರುವುದು ಇದೇ ಜೀನ್. ಈ ರಿಸೆಪ್ಟರ್ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಸಿಕ್ಕಿತು.

ಪಿಸಿಎಸ್‌ಕೆ9 ಅಂತ ಇನ್ನೊಂದು ಜೀನ್ ಇದೆ, ಇದರ ಪ್ರೋಟೀನ್ ಅದೇ ರಿಸೆಪ್ಟರನ್ನು ನಾಶ ಮಾಡಿಸುತ್ತದೆ. 2021ರಲ್ಲಿ ಸೈನೊಮಾಲ್ಗಸ್ ಅನ್ನೋ ಜಾತಿಯ ಕೋತಿಗಳ ಲಿವರ್‌ನಲ್ಲಿ ಬೇಸ್ ಎಡಿಟಿಂಗ್ (ಜೀನ್‌ನ ಒಂದು ಅಕ್ಷರ ಬದಲಿಸುವ ವಿಧಾನ) ಮಾಡಿ ಸಂಶೋಧಕರು ಈ ಜೀನನ್ನು ಕೆಡಿಸಿದರು. ಒಂದೇ ಸಲ ಔಷಧಿ ಕೊಟ್ಟಿದ್ದು, ಎಲ್‌ಡಿಎಲ್ ಸುಮಾರು 60% ಇಳಿಯಿತು, ಎಂಟು ತಿಂಗಳಾದರೂ ಮೇಲೇರಲಿಲ್ಲ.

ಹಾಗಂತ ಎಲ್ಲಾ ಕೋತಿಗೂ ಒಂದೇ ಜೀನ್ ಕಾರಣ ಅನ್ಕೋಬೇಡಿ. ಅದೇ ಕೊಬ್ಬಿನ ಆಹಾರ ಕೊಟ್ಟರೆ ಕೆಲವಕ್ಕೆ ಕೊಲೆಸ್ಟ್ರಾಲ್ ವಿಪರೀತ ಏರುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ. ಅಳಿಲು ಕೋತಿಗಳಲ್ಲಿ ಈ ಗುಣವೂ ವಂಶದಲ್ಲಿ ಬರುತ್ತದೆ ಅಂತ ಗೊತ್ತಾಗಿದೆ. ಅಲ್ಲಿ ಊಟ, ಜೀನ್ ಎರಡೂ ಸೇರಿ ಕೆಲಸ ಮಾಡುತ್ತವೆ.